ಅರ್ಧ ಮಿಲಿಮೀಟರ್ ಕೊಕ್ಕಿನ ಕಥೆ: ಜೀವಿಗಳು ಬದಲಾಗುವುದು ಹೇಗೆ?

2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕ ಹೊಸದಾಗಿ ಅಚ್ಚಾಗಿ ಬಂದಾಗ ಅದರಲ್ಲಿ ಜೀವವಿಕಾಸದ ಪಾಠ ಇರಲಿಲ್ಲ. ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂದಿದ್ದ ಅಧ್ಯಾಯ ಬರೀ ‘ಅನುವಂಶೀಯತೆ’ ಆಗಿತ್ತು. ಕೋವಿಡ್ ಕಾಲದಲ್ಲಿ ಮಕ್ಕಳ ಹೊರೆ ಇಳಿಸಲು ಹೀಗೆ ಮಾಡಿದೆವು, ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠ ಹಾಗೇ ಇದೆ ಎಂಬ ಉತ್ತರ ಬಂತು. ಪಾಠ ವಾಪಸ್ ತನ್ನಿ ಎಂದು 1800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರ ಬರೆದರು.

ಹತ್ತನೇ ತರಗತಿ ಮುಗಿಸಿ ಕಾಮರ್ಸ್, ಆರ್ಟ್ಸ್, ಐಟಿಐ, ಡಿಪ್ಲೊಮಾ ಹಿಡಿಯುವ ಮಕ್ಕಳು ಎಷ್ಟೊಂದು ಜನ ಇದ್ದಾರೆ ಅಲ್ವಾ? ಅವರ ಕೈಗೆ ಹನ್ನೆರಡನೇ ತರಗತಿಯ ಜೀವಶಾಸ್ತ್ರ ಪುಸ್ತಕ ಬರುವುದೇ ಇಲ್ಲ. ಆ ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ, ಶಾಲೆಯಲ್ಲಿ ಓದಿ ಮರೆತವರಿಗೆ ಈ ಬರಹ. ಇದನ್ನು ಓದಲು ವಿಜ್ಞಾನದ ಹಿನ್ನೆಲೆ ಏನೂ ಬೇಕಿಲ್ಲ.

ಮೂರು ಸಂಗತಿ ಗೊತ್ತಿದ್ದರೆ ಸಾಕು

ಜೀವವಿಕಾಸ ಎಂದರೆ ತಲೆಮಾರಿನಿಂದ ತಲೆಮಾರಿಗೆ ಒಂದು ಜೀವಿಗುಂಪಿನಲ್ಲಿ ಆಗುವ ಬದಲಾವಣೆ. ‘ಗುಂಪು’ ಎನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂದು ಹಕ್ಕಿ ತನ್ನ ಜೀವನದಲ್ಲಿ ವಿಕಾಸ ಹೊಂದುವುದಿಲ್ಲ. ಹುಟ್ಟಿದಾಗ ಯಾವ ಗುಣ ಪಡೆದಿತ್ತೋ ಅದರೊಂದಿಗೇ ಬದುಕಿ ಸಾಯುತ್ತದೆ. ಬದಲಾಗುವುದು ಗುಂಪಿನ ಲೆಕ್ಕ. ಹಿಂದಿನ ತಲೆಮಾರಿನಲ್ಲಿ ಎಂಥವರು ಜಾಸ್ತಿ ಇದ್ದರು, ಈಗ ಎಂಥವರು ಜಾಸ್ತಿ ಇದ್ದಾರೆ ಎಂಬ ಲೆಕ್ಕ.

ಈ ಲೆಕ್ಕ ಬದಲಾಗಲು ಮೂರು ಸಂಗತಿ ಬೇಕು. ಒಂದೇ ಜಾತಿಯ ಜೀವಿಗಳಲ್ಲೂ ಒಂದರಂತೆ ಇನ್ನೊಂದು ಇರಬಾರದು. ಆ ವ್ಯತ್ಯಾಸ ತಾಯಿ ತಂದೆಯಿಂದ ಮರಿಗಳಿಗೆ ಬರಬೇಕು. ಜೊತೆಗೆ, ಆ ವ್ಯತ್ಯಾಸದಿಂದಾಗಿ ಕೆಲವು ಜೀವಿಗಳು ಉಳಿದವಕ್ಕಿಂತ ಹೆಚ್ಚು ಮರಿ ಬಿಟ್ಟುಹೋಗಬೇಕು. ಈ ಮೂರೂ ಇದ್ದರೆ ಮುಂದಿನ ತಲೆಮಾರು ಹಿಂದಿನದರಂತೆ ಇರಲು ಸಾಧ್ಯವೇ ಇಲ್ಲ. ಇದನ್ನೇ ನಿಸರ್ಗದ ಆಯ್ಕೆ ಅನ್ನುತ್ತಾರೆ. ಆಯ್ಕೆ ಎಂದ ಮಾತ್ರಕ್ಕೆ ಯಾರೋ ಕೂತು ಆರಿಸುತ್ತಿದ್ದಾರೆ ಎಂದುಕೊಳ್ಳಬೇಡಿ. ಬರ, ಚಳಿ, ರೋಗ, ಹಸಿವು, ಬೇಟೆಯಾಡುವ ಪ್ರಾಣಿ ಇವೆಲ್ಲ ತಮ್ಮ ಪಾಡಿಗೆ ಇರುತ್ತವೆ. ಕೆಲವು ಜೀವಿಗಳು ತಪ್ಪಿಸಿಕೊಳ್ಳುತ್ತವೆ, ಕೆಲವು ಇಲ್ಲ.

ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ ಮತ್ತು ಆಲ್ಫ್ರೆಡ್ ರಸೆಲ್ ವಾಲೇಸ್ ಇಬ್ಬರಿಗೂ ಈ ವಿಚಾರ ಬೇರೆ ಬೇರೆಯಾಗಿಯೇ ಹೊಳೆಯಿತು. 1858ರಲ್ಲಿ ಇಬ್ಬರ ಬರಹಗಳನ್ನೂ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಒಟ್ಟಿಗೆ ಓದಲಾಯಿತು. ಮರುವರ್ಷ ಡಾರ್ವಿನ್ ಅವರ ದೊಡ್ಡ ಪುಸ್ತಕ ಬಂತು. ಇಂಥ ಬದಲಾವಣೆಗೆ ಸಾವಿರಾರು ವರ್ಷ ಬೇಕು, ಒಬ್ಬ ಮನುಷ್ಯ ತನ್ನ ಆಯುಷ್ಯದಲ್ಲಿ ಕಣ್ಣಾರೆ ನೋಡಲಾರ ಎಂದು ಡಾರ್ವಿನ್ ನಂಬಿದ್ದರು. ಈ ಒಂದು ವಿಷಯದಲ್ಲಿ ಅವರ ಅಂದಾಜು ತಪ್ಪಿತ್ತು.

ಡ್ಯಾಫ್ನೆ ದ್ವೀಪದ ಬರಗಾಲ

ದಕ್ಷಿಣ ಅಮೆರಿಕದ ಇಕ್ವೆಡಾರ್ ದೇಶದಿಂದ ಸುಮಾರು 1000 ಕಿಲೋಮೀಟರ್ ದೂರದಲ್ಲಿ, ಪೆಸಿಫಿಕ್ ಸಾಗರದಲ್ಲಿ ಗಲಾಪಗೋಸ್ ದ್ವೀಪಗಳಿವೆ. ಡಾರ್ವಿನ್ 1835ರಲ್ಲಿ ಅಲ್ಲಿಗೆ ಹೋಗಿದ್ದರು. ಆ ದ್ವೀಪಗಳಲ್ಲಿ ಡ್ಯಾಫ್ನೆ ಮೇಜರ್ ಎಂಬುದೊಂದು ಪುಟ್ಟ ದ್ವೀಪ. ನೂರು ಎಕರೆಯೂ ಇಲ್ಲದ ಜ್ವಾಲಾಮುಖಿ ಗುಡ್ಡ ಅದು. ಜನವಸತಿ ಇಲ್ಲ. ಪೀಟರ್ ಗ್ರಾಂಟ್ ಮತ್ತು ರೋಸ್ಮೆರಿ ಗ್ರಾಂಟ್ ಎಂಬ ವಿಜ್ಞಾನಿ ದಂಪತಿ 1973ರಲ್ಲಿ ಅಲ್ಲಿ ಕೆಲಸ ಶುರು ಮಾಡಿದರು. ಸುಮಾರು 40 ವರ್ಷ ಬಿಡದೆ ಹೋಗಿಬಂದರು. ಅವರು ಅಧ್ಯಯನಕ್ಕೆ ಹಿಡಿದದ್ದು ಗುಬ್ಬಿ ಗಾತ್ರದ, ಬೀಜ ತಿನ್ನುವ ಫಿಂಚ್ ಹಕ್ಕಿಗಳನ್ನು.

ದ್ವೀಪ ಅಷ್ಟು ಚಿಕ್ಕದಾಗಿದ್ದದ್ದೇ ಅನುಕೂಲವಾಯಿತು. ಹಕ್ಕಿಗಳನ್ನು ಹಿಡಿದು, ಕಾಲಿಗೆ ಬಣ್ಣದ ಉಂಗುರ ತೊಡಿಸಿ, ಕೊಕ್ಕಿನ ಉದ್ದ, ದಪ್ಪ, ಅಗಲ ಅಳೆದು ಬಿಡುತ್ತಿದ್ದರು. ಯಾವ ಹಕ್ಕಿಗೆ ಯಾವುದು ಜೋಡಿ, ಎಷ್ಟು ಮರಿ, ಯಾವುದು ಸತ್ತಿತು, ಯಾವುದು ಉಳಿಯಿತು ಎಲ್ಲವೂ ಪುಸ್ತಕದಲ್ಲಿ ದಾಖಲಾಗುತ್ತಿತ್ತು. ದಪ್ಪ ಕೊಕ್ಕಿನ ಹಕ್ಕಿಗಳಿಗೆ ದಪ್ಪ ಕೊಕ್ಕಿನ ಮರಿಗಳೇ ಆಗುತ್ತವೆ ಎಂಬುದೂ ಈ ಅಳತೆಗಳಿಂದ ಖಚಿತವಾಯಿತು. ಅಂದರೆ ಮೇಲೆ ಹೇಳಿದ ಮೊದಲ ಎರಡು ಸಂಗತಿ ಸಿಕ್ಕಂತಾಯಿತು. ಹಕ್ಕಿಗಳಲ್ಲಿ ವ್ಯತ್ಯಾಸ ಇತ್ತು, ಅದು ಮರಿಗಳಿಗೆ ಹೋಗುತ್ತಿತ್ತು.

1977ರಲ್ಲಿ ಮಳೆ ಕೈಕೊಟ್ಟಿತು. ಹಿಂದಿನ ವರ್ಷದ ಮಳೆಗಾಲದಲ್ಲಿ 127 ಮಿಲಿಮೀಟರ್ ಬಿದ್ದಿದ್ದರೆ ಆ ವರ್ಷ ಬಿದ್ದದ್ದು ಬರೀ 24. ಗಿಡಗಳು ಬೀಜ ಕಟ್ಟಲಿಲ್ಲ. ನೆಲದ ಮೇಲಿದ್ದ ಸಣ್ಣ, ಮೆತ್ತನೆಯ ಬೀಜಗಳನ್ನು ಹಕ್ಕಿಗಳು ಮೊದಲೇ ತಿಂದು ಮುಗಿಸಿದವು. ಕೊನೆಗೆ ಉಳಿದದ್ದು ಗಟ್ಟಿ ಬೀಜಗಳು. ಅವುಗಳಲ್ಲಿ ಮುಖ್ಯವಾದದ್ದು ಟ್ರಿಬ್ಯುಲಸ್ ಗಿಡದ್ದು. ಇದು ನಮಗೆ ಗುರುತಿಲ್ಲದ ಗಿಡವೇನಲ್ಲ. ನಮ್ಮ ಬಯಲುಸೀಮೆಯ ಹೊಲದಲ್ಲಿ ಬರಿಗಾಲಿಗೆ ಚುಚ್ಚುವ ನೆಗ್ಗಿಲು ಮುಳ್ಳಿದೆಯಲ್ಲ, ಅದರ ಹತ್ತಿರದ ನೆಂಟ. ಆ ಮುಳ್ಳುಕಾಯಿಯನ್ನು ಒಡೆದು ಒಳಗಿನ ಬೀಜ ತೆಗೆಯುವುದು ಎಷ್ಟು ಕಷ್ಟ ಎಂದು ಅದನ್ನು ಮುಟ್ಟಿ ನೋಡಿದವರಿಗೆ ಗೊತ್ತು. ಸಣ್ಣ ಕೊಕ್ಕಿನ ಫಿಂಚ್‌ಗಳಿಗೆ ಅದು ಆಗುವ ಕೆಲಸವಾಗಿರಲಿಲ್ಲ.

ಬರ ಮುಗಿಯುವ ಹೊತ್ತಿಗೆ ನೆಲದ ಮೇಲೆ ಬೀಜ ಹುಡುಕುವ ಮಧ್ಯಮ ಗಾತ್ರದ ಫಿಂಚ್‌ಗಳಲ್ಲಿ ನೂರಕ್ಕೆ 85 ಸತ್ತಿದ್ದವು. ಉಳಿದವನ್ನು ಅಳೆದು ನೋಡಿದರೆ ಕೊಕ್ಕಿನ ಸರಾಸರಿ ದಪ್ಪ ಮೊದಲಿಗಿಂತ ಸುಮಾರು ಅರ್ಧ ಮಿಲಿಮೀಟರ್ ಜಾಸ್ತಿ ಇತ್ತು. ಯಾವ ಹಕ್ಕಿಯ ಕೊಕ್ಕೂ ಬೆಳೆದಿರಲಿಲ್ಲ. ಸಣ್ಣ ಕೊಕ್ಕಿನವು ಹೆಚ್ಚಾಗಿ ಸತ್ತುಹೋಗಿದ್ದವು, ಅಷ್ಟೇ. ಮುಂದಿನ ವರ್ಷ ಹುಟ್ಟಿದ ಮರಿಗಳ ಕೊಕ್ಕೂ ಬರಕ್ಕೆ ಮುಂಚಿನ ಮರಿಗಳಿಗಿಂತ ದಪ್ಪವಾಗಿತ್ತು. ಮೂರನೆಯ ಸಂಗತಿಯೂ ಸಿಕ್ಕಿತು. ಒಂದೇ ಒಂದು ಬರಗಾಲದಲ್ಲಿ, ಮನುಷ್ಯರ ಕಣ್ಣೆದುರೇ ಒಂದು ಗುಂಪು ಬದಲಾಗಿತ್ತು.

ಮುಂದೆ ನಡೆದದ್ದು ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. 1983ರಲ್ಲಿ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ವಿದ್ಯಮಾನ, ಬಂದು ದ್ವೀಪದಲ್ಲಿ ಎಂದೂ ಇಲ್ಲದ ಮಳೆ ಸುರಿಯಿತು. ಬಳ್ಳಿಗಳು ಹಬ್ಬಿ ಟ್ರಿಬ್ಯುಲಸ್ ಗಿಡಗಳನ್ನು ಮುಚ್ಚಿಹಾಕಿದವು. ಸಣ್ಣ ಬೀಜಗಳೇ ಎಲ್ಲೆಲ್ಲೂ ತುಂಬಿದವು. ಆಮೇಲಿನ ಒಣ ವರ್ಷಗಳಲ್ಲಿ ಬದುಕಿಕೊಂಡದ್ದು ಸಣ್ಣ ಕೊಕ್ಕಿನ ಹಕ್ಕಿಗಳು. ಹಿಂದೆ ವರವಾಗಿದ್ದ ದಪ್ಪ ಕೊಕ್ಕು ಈಗ ಹೊರೆಯಾಯಿತು. ಹಾಗಾಗಿ ‘ವಿಕಾಸ’ ಅಂದರೆ ಮೇಲಕ್ಕೆ ಹೋಗುವುದು, ಮೊದಲಿಗಿಂತ ಉತ್ತಮವಾಗುವುದು ಎಂದುಕೊಂಡರೆ ಈ ಹಕ್ಕಿಗಳ ಕಥೆ ಅರ್ಥವಾಗುವುದಿಲ್ಲ. ಆ ಜಾಗದಲ್ಲಿ, ಆ ಹೊತ್ತಿನಲ್ಲಿ ಯಾವುದು ಒಗ್ಗುತ್ತದೋ ಅದೇ ಉಳಿಯುತ್ತದೆ. ನಾಳೆ ಮಳೆ ಬರುತ್ತದೆಯೋ ಬರ ಬರುತ್ತದೆಯೋ ಎಂದು ಕೊಕ್ಕಿಗೆ ಗೊತ್ತಿರುವುದಿಲ್ಲ.

ವ್ಯತ್ಯಾಸ ಬರುವುದು ಎಲ್ಲಿಂದ?

ಈ ಪ್ರಶ್ನೆಗೆ ಡಾರ್ವಿನ್ ಬಳಿ ಉತ್ತರ ಇರಲಿಲ್ಲ. ಗುಣಗಳು ತಲೆಮಾರಿಗೆ ದಾಟುವ ಬಗೆ ತಿಳಿಯಲು ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳ ಮೇಲೆ ಮಾಡಿದ ಪ್ರಯೋಗ 1866ರಲ್ಲೇ ಅಚ್ಚಾಗಿತ್ತು. ಆದರೆ 1900ರವರೆಗೂ ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಈಗ ನಮಗೆ ಗೊತ್ತು, ಗುಣಗಳು ದಾಟುವುದು ಜೀನ್‌ಗಳ ಮೂಲಕ, ಜೀನ್‌ಗಳು ಇರುವುದು ಜೀವಕೋಶದೊಳಗಿನ ಡಿಎನ್‌ಎ ಎಂಬ ಉದ್ದನೆಯ ಅಣುವಿನಲ್ಲಿ. ಜೀವಕೋಶ ಒಡೆದು ಎರಡಾಗುವಾಗ ಡಿಎನ್‌ಎ ನಕಲಾಗಬೇಕು. ನಕಲಾಗುವಾಗ ಅಲ್ಲೊಂದು ಇಲ್ಲೊಂದು ತಪ್ಪು ಆಗುತ್ತದೆ. ಈ ತಪ್ಪಿಗೆ ಮ್ಯುಟೇಶನ್ ಎಂದು ಹೆಸರು. ಹುಟ್ಟುವ ಪ್ರತಿ ಮಗುವಿನಲ್ಲೂ ತಾಯಿ ತಂದೆಯಲ್ಲಿ ಇಲ್ಲದ ಇಂಥ ಕೆಲವು ಡಜನ್ ಹೊಸ ಬದಲಾವಣೆಗಳಿರುತ್ತವೆ. ಹೆಚ್ಚಿನವುಗಳಿಂದ ಏನೂ ಆಗುವುದಿಲ್ಲ. ಕೆಲವು ಕೆಡುಕು ಮಾಡುತ್ತವೆ. ಎಲ್ಲೋ ಒಂದು ಉಪಯೋಗಕ್ಕೆ ಬರುತ್ತದೆ.

ಮ್ಯುಟೇಶನ್ ಆಕಸ್ಮಿಕ. ಜೀವಿಗೆ ಬೇಕು ಎಂದು ಅದು ಬರುವುದಿಲ್ಲ. ಆದರೆ ಯಾವ ಮ್ಯುಟೇಶನ್ ಮುಂದಿನ ತಲೆಮಾರುಗಳಲ್ಲಿ ಹರಡುತ್ತದೆ ಎಂಬುದು ಪೂರ್ತಿ ಆಕಸ್ಮಿಕ ಅಲ್ಲ. ‘ಇಷ್ಟು ಚೆಂದದ ಕಣ್ಣು ಸುಮ್ನೆ ಆಕಸ್ಮಿಕವಾಗಿ ಆಯ್ತಾ?’ ಎಂದು ಕೇಳುವವರು ಮೊದಲ ಮಾತನ್ನು ಕೇಳಿಸಿಕೊಂಡು ಎರಡನೆಯದನ್ನು ಬಿಟ್ಟಿರುತ್ತಾರೆ. ಫಿಂಚ್‌ಗಳ ವಿಷಯದಲ್ಲಿ ಕೊಕ್ಕಿನ ಗಾತ್ರಕ್ಕೂ ಆಕಾರಕ್ಕೂ ಸಂಬಂಧಪಟ್ಟ ಜೀನ್‌ಗಳನ್ನು ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ತಂಡ ಗ್ರಾಂಟ್ ದಂಪತಿಯ ಜೊತೆ ಸೇರಿ 2015 ಮತ್ತು 2016ರಲ್ಲಿ ಗುರುತಿಸಿತು.

ಒಂದು ಪ್ರಭೇದ ಎರಡಾಗುವುದು

ಕೊಕ್ಕು ದಪ್ಪವಾಗುವುದೇನೋ ಸರಿ, ಆದರೆ ಹೊಸ ಜೀವಿಯೇ ಹುಟ್ಟುವುದು ಹೇಗೆ? ಇದು ಎಲ್ಲರೂ ಕೇಳುವ ಪ್ರಶ್ನೆ, ಕೇಳಲೇಬೇಕಾದ ಪ್ರಶ್ನೆ. ಪ್ರಭೇದ ಎಂದರೆ ಸ್ಥೂಲವಾಗಿ, ತಮ್ಮತಮ್ಮಲ್ಲೇ ಕೂಡಿ ಮರಿ ಮಾಡುವ, ಹೊರಗಿನವರೊಂದಿಗೆ ಕೂಡದ ಗುಂಪು. ಒಂದು ಗುಂಪು ಯಾವುದೋ ಕಾರಣಕ್ಕೆ ಎರಡು ಭಾಗವಾಗಿ, ಅವುಗಳ ನಡುವೆ ಹೋಗಿಬರುವುದು ನಿಂತರೆ, ಎರಡೂ ಕಡೆ ಬೇರೆ ಬೇರೆ ಬದಲಾವಣೆಗಳು ಕೂಡುತ್ತಾ ಹೋಗುತ್ತವೆ. ಸಾಕಷ್ಟು ಕಾಲವಾದ ಮೇಲೆ ಎದುರಾದರೂ ಒಂದನ್ನೊಂದು ಜೋಡಿಯಾಗಿ ಒಪ್ಪುವುದಿಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಪಶ್ಚಿಮ ಘಟ್ಟದಲ್ಲೇ ಇದೆ. ಎತ್ತರದ ಬೆಟ್ಟಗಳ ಶೋಲಾ ಕಾಡಿನಲ್ಲಿ ಶೋಲಾಕಿಳಿ ಎಂಬ ನೀಲಿ ಬಣ್ಣದ ಪುಟ್ಟ ಹಕ್ಕಿಗಳಿವೆ. ತಂಪು ಕಾಡು ಬಿಟ್ಟು ಕೆಳಗಿನ ಬಿಸಿಲು ಬಯಲಿಗೆ ಇಳಿಯುವ ಹಕ್ಕಿಗಳಲ್ಲ ಇವು. ಘಟ್ಟದ ಸಾಲು ಕೇರಳದ ಪಾಲಕ್ಕಾಡಿನ ಬಳಿ ಮೂವತ್ತು ಕಿಲೋಮೀಟರಿಗೂ ಹೆಚ್ಚು ಅಗಲಕ್ಕೆ ಕಡಿದುಹೋಗಿದೆ. ಆ ಕಣಿವೆಯ ದಕ್ಷಿಣದ ಬೆಟ್ಟಗಳಲ್ಲಿ ಇರುವುದು ಒಂದು ಪ್ರಭೇದ. ಉತ್ತರಕ್ಕೆ, ನೀಲಗಿರಿಯಿಂದ ನಮ್ಮ ಬಾಬಾಬುಡನ್‌ಗಿರಿಯವರೆಗೆ ಇರುವುದು ಇನ್ನೊಂದು. ವಿ.ವಿ. ರಾಬಿನ್, ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು ಇವುಗಳ ಡಿಎನ್‌ಎ ಹೋಲಿಸಿ ನೋಡಿದರು. ಎರಡೂ ಲಕ್ಷಾಂತರ ವರ್ಷಗಳಿಂದ ಬೇರೆಯಾಗಿ ಬದುಕಿವೆ ಎಂದು ತಿಳಿಯಿತು. 2017ರಲ್ಲಿ ಈ ಹಕ್ಕಿಗಳಿಗೆ ಹೊಸ ಕುಲದ, ಅಂದರೆ ಹತ್ತಿರದ ಪ್ರಭೇದಗಳನ್ನು ಒಟ್ಟಿಗೆ ಸೇರಿಸುವ ಗುಂಪಿನ, ಹೆಸರನ್ನೇ ಕೊಟ್ಟರು. ಚಿಕ್ಕಮಗಳೂರಿನ ಬೆಟ್ಟ ಹತ್ತುವವರು ಗಮನವಿಟ್ಟು ಕೇಳಿದರೆ ಇವುಗಳ ಸಿಳ್ಳೆ ಕೇಳಿಸಬಹುದು.

ಕೆಲವೊಮ್ಮೆ ಇಷ್ಟು ಕಾಲವೂ ಬೇಕಾಗುವುದಿಲ್ಲ. 1981ರಲ್ಲಿ ಡ್ಯಾಫ್ನೆ ದ್ವೀಪಕ್ಕೆ ಒಂದು ಹೊರಗಿನ ಗಂಡು ಫಿಂಚ್ ಬಂತು. ಅದು ನೂರು ಕಿಲೋಮೀಟರಿಗೂ ದೂರದ ಎಸ್ಪನ್ಯೋಲಾ ದ್ವೀಪದ್ದು ಎಂದು ಆಮೇಲೆ ಡಿಎನ್‌ಎಯಿಂದ ಗೊತ್ತಾಯಿತು. ಸ್ಥಳೀಯ ಹೆಣ್ಣಿನ ಜೊತೆ ಕೂಡಿ ಮರಿ ಮಾಡಿತು. ಅದರ ಹಾಡು ಬೇರೆ, ಮೈ ದೊಡ್ಡದು, ಕೊಕ್ಕಿನ ಆಕಾರವೂ ಬೇರೆ. ಫಿಂಚ್ ಮರಿಗಳು ಅಪ್ಪನಿಂದ ಹಾಡು ಕಲಿಯುತ್ತವೆ. ಸ್ಥಳೀಯ ಹಕ್ಕಿಗಳು ಆ ಹಾಡಿಗೆ ಓಗೊಡಲಿಲ್ಲ. ಹೀಗಾಗಿ ಅದರ ವಂಶದವು ತಮ್ಮತಮ್ಮಲ್ಲೇ ಜೋಡಿಯಾಗತೊಡಗಿದವು. ಕೆಲವೇ ತಲೆಮಾರಿನಲ್ಲಿ ಹೊರಗಿನವರೊಂದಿಗೆ ಕೂಡದ ಹೊಸ ವಂಶವೊಂದು ನಿಂತಿತು.

ಇಲ್ಲಿ ಇನ್ನೊಂದು ಅನುಮಾನ ಬರುವುದು ಸಹಜ. ಬದಲಾವಣೆ ಅಷ್ಟು ನಿಧಾನವಾದರೆ, ಹಳೆಯ ಜೀವಿ ಮುಗಿದು ಹೊಸದು ಶುರುವಾದ ದಿನ ಯಾವುದು? ಕನ್ನಡವನ್ನೇ ತೆಗೆದುಕೊಳ್ಳಿ. ಐದನೇ ಶತಮಾನದ ಹಲ್ಮಿಡಿ ಶಾಸನವನ್ನು ಇವತ್ತು ನಾವು ಓದಿದರೆ ಪಂಡಿತರ ಸಹಾಯವಿಲ್ಲದೆ ತಿಳಿಯುವುದಿಲ್ಲ. ಹಾಗೆಂದು ನಡುವೆ ಯಾವ ತಾಯಿಗೂ ತನ್ನ ಮಗುವಿನ ಮಾತು ಅರ್ಥವಾಗದೆ ಹೋಗಿರಲಿಲ್ಲ. ಹಳಗನ್ನಡ ಮುಗಿದು ಹೊಸಗನ್ನಡ ಹುಟ್ಟಿದ ಬೆಳಗ್ಗೆ ಎಂಬುದಿಲ್ಲ. ಜೀವಿಗಳಲ್ಲೂ ಹಾಗೇ. ಪ್ರತಿ ಮರಿಯೂ ತನ್ನ ತಾಯಿಯ ಪ್ರಭೇದದ್ದೇ.

ಕೋತಿ ಯಾಕೆ ಇನ್ನೂ ಕೋತಿಯಾಗಿಯೇ ಇದೆ?

ಮನುಷ್ಯ ಕೋತಿಯಿಂದ ಬಂದಿದ್ದರೆ ಕೋತಿಗಳು ಇನ್ನೂ ಯಾಕಿವೆ? ಮದುವೆಮನೆಯ ಹರಟೆಯಿಂದ ಟಿವಿ ಚರ್ಚೆಯವರೆಗೆ ಈ ಪ್ರಶ್ನೆ ಬರುತ್ತದೆ. ಉತ್ತರ ಸರಳ. ಇವತ್ತಿನ ಯಾವ ಕೋತಿಯೂ ನಮ್ಮ ಪೂರ್ವಜ ಅಲ್ಲ. ಕನ್ನಡವೂ ತುಳುವೂ ಒಂದೇ ಹಳೆಯ ದ್ರಾವಿಡ ನುಡಿಯಿಂದ ಕವಲೊಡೆದವು. ಇಂದಿನ ತುಳುವಿನಿಂದ ಕನ್ನಡ ಹುಟ್ಟಿಲ್ಲ, ಇಂದಿನ ಕನ್ನಡದಿಂದ ತುಳುವೂ ಹುಟ್ಟಿಲ್ಲ. ಮನುಷ್ಯನಿಗೆ ತೀರಾ ಹತ್ತಿರದ ನೆಂಟ ಆಫ್ರಿಕಾದ ಚಿಂಪಾಂಜಿ ಮತ್ತು ಬೊನೊಬೊ. ಸುಮಾರು 60-70 ಲಕ್ಷ ವರ್ಷದ ಹಿಂದೆ ನಮಗೂ ಅವಕ್ಕೂ ಒಂದೇ ಪೂರ್ವಜರಿದ್ದರು. ಆ ಪೂರ್ವಜರು ಮನುಷ್ಯರೂ ಆಗಿರಲಿಲ್ಲ, ಚಿಂಪಾಂಜಿಯೂ ಆಗಿರಲಿಲ್ಲ. ಗುಡಿಯ ಮುಂದೆ ಬಾಳೆಹಣ್ಣು ಕಸಿಯುವ ನಮ್ಮ ಕೋತಿಯೊಂದಿಗಿನ ನಂಟು ಅದಕ್ಕಿಂತ ಬಹಳ ಹಿಂದಿನದು.

ಇದನ್ನು ಪರೀಕ್ಷೆಗೆ ಒಡ್ಡಿದ ರೀತಿ ನನಗೆ ತುಂಬ ಇಷ್ಟ. ಜೀವಕೋಶದಲ್ಲಿ ಡಿಎನ್‌ಎ ಸುತ್ತಿಕೊಂಡಿರುವ ಎಳೆಗಳಿಗೆ ಕ್ರೋಮೋಸೋಮ್ ಎನ್ನುತ್ತಾರೆ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಲ್ಲಿ 24 ಜೋಡಿ ಕ್ರೋಮೋಸೋಮ್ ಇವೆ. ಮನುಷ್ಯರಲ್ಲಿ 23 ಜೋಡಿ. ಎಲ್ಲರೂ ಒಂದೇ ಮೂಲದವರಾದರೆ ನಮ್ಮ ಇನ್ನೊಂದು ಜೋಡಿ ಎಲ್ಲಿ ಹೋಯಿತು? ಪೂರ್ತಿ ಕಳೆದುಹೋಗಿದ್ದರೆ ಆ ಮಗು ಬದುಕುತ್ತಿರಲಿಲ್ಲ. ಹಾಗಾಗಿ ಎರಡು ಕ್ರೋಮೋಸೋಮ್ ಸೇರಿ ಒಂದಾಗಿರಬೇಕು, ಸೇರಿದ ಗುರುತು ಉಳಿದಿರಬೇಕು. ಸಾಮಾನ್ಯವಾಗಿ ಕ್ರೋಮೋಸೋಮಿನ ಎರಡು ತುದಿಯಲ್ಲಿ ಇರುವ ಒಂದು ವಿಶೇಷ ಡಿಎನ್‌ಎ ಸರಣಿ ಇದೆ. ನಮ್ಮ ಎರಡನೇ ಕ್ರೋಮೋಸೋಮಿನಲ್ಲಿ ಆ ತುದಿಯ ಸರಣಿ ಒಳಭಾಗದಲ್ಲಿ, ಎದುರುಬದುರಾಗಿ ಕೂತಿರುವುದು 1991ರಲ್ಲಿ ಸಿಕ್ಕಿತು. ಅದು ಸಿಗದೇ ಹೋಗಿದ್ದರೆ ವಿಕಾಸವಾದಕ್ಕೆ ದೊಡ್ಡ ಕಷ್ಟ ಎದುರಾಗುತ್ತಿತ್ತು.

ಕಾಶ್ಮೀರದ ಕಲ್ಲಿನಲ್ಲಿ ತಿಮಿಂಗಿಲದ ನೆಂಟ

ತಿಮಿಂಗಿಲ ಮೀನಲ್ಲ. ಮರಿ ಹಾಕುತ್ತದೆ, ಹಾಲುಣಿಸುತ್ತದೆ, ಉಸಿರಾಡಲು ಮೇಲೆ ಬರುತ್ತದೆ. ನೆಲದ ಪ್ರಾಣಿಯೊಂದರ ಸಂತತಿ ಸಮುದ್ರಕ್ಕೆ ಹೋಗಿರಬೇಕು ಎಂಬ ಊಹೆ ಡಾರ್ವಿನ್ ಕಾಲದಿಂದಲೂ ಇತ್ತು. ನಡುವಿನ ಪಳೆಯುಳಿಕೆಗಳು ಇರಲಿಲ್ಲ. ಅವುಗಳಲ್ಲಿ ಬಹುಪಾಲು ಸಿಕ್ಕಿದ್ದು ಪಾಕಿಸ್ತಾನದಲ್ಲಿ ಮತ್ತು ನಮ್ಮ ಕಛ್‌ನಲ್ಲಿ.

ಭಾರತದ ಭೂವಿಜ್ಞಾನಿ ಎ. ರಂಗ ರಾವ್ ಅವರು ಜಮ್ಮು-ಕಾಶ್ಮೀರದ ಕಾಲಾಕೋಟ್ ಬಳಿ ಪಳೆಯುಳಿಕೆ ತುಂಬಿದ ಕಲ್ಲುಗಳನ್ನು ಕೂಡಿಹಾಕಿದ್ದರು. ಅವರು ತೀರಿಕೊಂಡ ಮೇಲೆ ಆ ಸಂಗ್ರಹ ಅವರ ಪತ್ನಿಯಿಂದ ಅಮೆರಿಕದ ವಿಜ್ಞಾನಿ ಹಾನ್ಸ್ ಥೆವಿಸನ್ ಅವರಿಗೆ ಸಿಕ್ಕಿತು. ಪ್ರಯೋಗಾಲಯದಲ್ಲಿ ಕಲ್ಲು ಬಿಡಿಸುವಾಗ ಒಂದು ತಲೆಬುರುಡೆಯ ಕಿವಿಯ ಮೂಳೆ ಒಡೆಯಿತು. ಒಳಗೆ ಕಂಡದ್ದು ತಿಮಿಂಗಿಲಗಳ ಕಿವಿಯಲ್ಲಿ ಕಾಣುವ ದಪ್ಪ ಅಂಚು. ಆ ಪ್ರಾಣಿ ಇಂಡೊಹ್ಯೂಸ್. ಸುಮಾರು 4.8 ಕೋಟಿ ವರ್ಷದ ಹಿಂದಿನದು, ಬೆಕ್ಕಿನಷ್ಟು ಗಾತ್ರದ್ದು. ಜಿಂಕೆ, ಹಂದಿ, ದನಗಳಂತೆ ಗೊರಸಿನ ಪ್ರಾಣಿಗಳ ಗುಂಪಿಗೆ ಸೇರಿದ್ದು. ಅದರ ಕಾಲಿನ ಮೂಳೆಗಳು ನೀರಿನಲ್ಲಿ ತಳ ಹಿಡಿದು ನಡೆಯುವ ಪ್ರಾಣಿಗಳಂತೆ ದಪ್ಪ, ಭಾರ. 2007ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಇಂಡೊಹ್ಯೂಸ್ ತಿಮಿಂಗಿಲದ ನೇರ ಅಜ್ಜ ಅಲ್ಲ, ದಾಯಾದಿ. ಡಿಎನ್‌ಎ ಹೇಳುವುದೂ ಇದಕ್ಕೆ ಹೊಂದುತ್ತದೆ. ಇಂದು ಬದುಕಿರುವ ಪ್ರಾಣಿಗಳಲ್ಲಿ ತಿಮಿಂಗಿಲಕ್ಕೆ ಅತಿ ಹತ್ತಿರದ್ದು ಗೊರಸಿನ ಗುಂಪಿನದೇ ಆದ ನೀರಾನೆ. ಕಲ್ಲು ಮತ್ತು ಡಿಎನ್‌ಎ ಎರಡೂ ಬೇರೆ ಬೇರೆ ದಾರಿಯಿಂದ ಒಂದೇ ಕಡೆ ಬಂದು ಮುಟ್ಟಿದವು.

ಮಾತ್ರೆಯಲ್ಲಿ, ರಕ್ತದಲ್ಲಿ

ಇದೆಲ್ಲ ಕೋಟಿ ವರ್ಷದ ಮಾತಾಯಿತು, ನಮಗೇನು ಸಂಬಂಧ ಎನ್ನುವವರು ಮೆಡಿಕಲ್ ಶಾಪ್‌ಗೆ ಬರಬೇಕು. ಅನುಕೂಲ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಫಿಂಚ್‌ಗಳಲ್ಲಿ ವರ್ಷಗಟ್ಟಲೆ ಹಿಡಿಯುವುದು ಇವುಗಳಲ್ಲಿ ದಿನಗಳಲ್ಲಿ ಆಗುತ್ತದೆ. ಆಂಟಿಬಯಾಟಿಕ್ ನುಂಗಿದಾಗ ಅದಕ್ಕೆ ಬಗ್ಗುವ ಬ್ಯಾಕ್ಟೀರಿಯಾ ಸಾಯುತ್ತವೆ. ಆಕಸ್ಮಿಕ ಮ್ಯುಟೇಶನ್‌ನಿಂದಲೋ ಬೇರೆ ಬ್ಯಾಕ್ಟೀರಿಯಾದಿಂದ ಪಡೆದ ಜೀನ್‌ನಿಂದಲೋ ತಡೆದುಕೊಳ್ಳಬಲ್ಲವು ಉಳಿಯುತ್ತವೆ, ಹೆಚ್ಚುತ್ತವೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪಡೆದ ಭಾಷಣದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. ನೆಗಡಿ ವೈರಸ್‌ನಿಂದ ಬರುವುದು, ಅದಕ್ಕೆ ಆಂಟಿಬಯಾಟಿಕ್ ನಾಟುವುದೇ ಇಲ್ಲ. ಡಾಕ್ಟರ್ ಚೀಟಿ ಇಲ್ಲದೆ ತಂದು ನುಂಗಿದರೆ ನೆಗಡಿ ಹೋಗುವುದಿಲ್ಲ, ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಮಾತ್ರ ಈ ಆಯ್ಕೆ ನಡೆದುಬಿಡುತ್ತದೆ. ಔಷಧಕ್ಕೆ ಬಗ್ಗದ ಕ್ಷಯ ಬೆಳೆದದ್ದೂ ಇದೇ ದಾರಿಯಲ್ಲಿ.

ಇನ್ನು ಸಿಕಲ್ ಸೆಲ್ ಕಾಯಿಲೆ. ಹಿಮೋಗ್ಲೋಬಿನ್ ಜೀನ್‌ನಲ್ಲಿ ಒಂದೇ ಒಂದು ಸಣ್ಣ ಬದಲಾವಣೆಯಿಂದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ತಾಯಿ ತಂದೆ ಇಬ್ಬರಿಂದಲೂ ಆ ಜೀನ್ ಬಂದರೆ ಮಗುವಿಗೆ ತೀವ್ರ ನೋವು, ರಕ್ತಹೀನತೆ. ಇಷ್ಟು ಕೆಟ್ಟ ಜೀನ್ ಅಳಿದುಹೋಗದೆ ಯಾಕೆ ಉಳಿಯಿತು? ಒಬ್ಬರಿಂದ ಮಾತ್ರ ಬಂದರೆ ಸಾಮಾನ್ಯವಾಗಿ ಕಾಯಿಲೆ ಇರುವುದಿಲ್ಲ, ಮೇಲಾಗಿ ಮಾರಣಾಂತಿಕ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ರಕ್ತದ ಇಂಥ ಕಾಯಿಲೆಗಳಿಗೂ ಮಲೇರಿಯಾಗೂ ನಂಟಿರಬಹುದು ಎಂದು 1949ರಲ್ಲಿ ಸೂಚಿಸಿದವರು ಬ್ರಿಟನ್ನಿನ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. ಮುಂದೆ ಅವರು ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಸಿಕಲ್ ಸೆಲ್ ಜೀನ್ ಮಲೇರಿಯಾವನ್ನು ತಡೆಯುತ್ತದೆ ಎಂದು 1954ರಲ್ಲಿ ಪೂರ್ವ ಆಫ್ರಿಕಾದ ಅಧ್ಯಯನದಿಂದ ತೋರಿಸಿದವರು ಆಂಟನಿ ಆಲಿಸನ್.

ಭಾರತದಲ್ಲಿ ಈ ಜೀನ್ ಮೊದಲು ಪತ್ತೆಯಾದದ್ದು 1952ರಲ್ಲಿ, ನೀಲಗಿರಿಯ ಆದಿವಾಸಿಗಳಲ್ಲಿ. ಕರ್ನಾಟಕದಲ್ಲೂ ಮೈಸೂರು, ಚಾಮರಾಜನಗರ, ಕೊಡಗಿನ ಆದಿವಾಸಿ ಸಮುದಾಯಗಳಲ್ಲಿ ಇದೆ. ಕಾಡಂಚಿನಲ್ಲಿ ಮಲೇರಿಯಾದ ನಡುವೆ ಬದುಕಿದ ಅವರ ಹಿರಿಯರಲ್ಲಿ ಈ ಜೀನ್ ಮಕ್ಕಳನ್ನು ಉಳಿಸಿತು. ಆದ್ದರಿಂದ ಹರಡಿತು. ಈಗ ಮಲೇರಿಯಾ ತಗ್ಗಿದರೂ ಜೀನ್ ಅಷ್ಟು ಬೇಗ ಹೋಗುವುದಿಲ್ಲ. ಗಂಡ ಹೆಂಡತಿ ಇಬ್ಬರಲ್ಲೂ ಒಂದೊಂದು ಜೀನ್ ಇದ್ದರೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಇದ್ದರೆ ಸಾಮಾನ್ಯವಾಗಿ ಮಗುವಿಗೆ ಈ ಕಾಯಿಲೆ ಬರುವುದಿಲ್ಲ. 2023ರಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನದಲ್ಲಿ ಕರ್ನಾಟಕವೂ ಇದೆ. ಮದುವೆಗೆ ಮುಂಚೆ ಒಂದು ರಕ್ತಪರೀಕ್ಷೆ ಮಾಡಿಸಿದರೆ ಇದು ತಿಳಿಯುತ್ತದೆ.